ಅವಧಿ ಪೂರೈಸಿದ ಯೋಧನಿಗೊಂದು ಹೆಸರು

ಸೈನ್ಯದ ಸೇವೆ ಮುಗಿಸಿ ಊರಿಗೆ ಮರಳಿದವನನ್ನು ಇಂದಿನ ಕನ್ನಡವು ‘ನಿವೃತ್ತ ಯೋಧ’ ಎಂದೋ ‘ಮಾಜಿ ಸೈನಿಕ’ ಎಂದೋ ಕರೆಯುತ್ತದೆ. ‘ಮಾಜಿ’ ಅರಬ್ಬಿ ಮೂಲದ ಪದ; ಕಳೆದುಹೋದದ್ದು ಎಂಬುದು ಅದರ ಮೂಲಾರ್ಥ. ‘ನಿವೃತ್ತ’ ಎಂದರೆ ಹಿಂದಿರುಗಿದವನು. ಸೇವೆ ನಿಂತಿತೆಂಬುದನ್ನು ಇವೆರಡೂ ಸೂಚಿಸುತ್ತವೆ. ಒಪ್ಪಿಕೊಂಡ ಕಾಲವನ್ನು ಪೂರೈಸಿದನೆಂಬುದನ್ನು ಸೂಚಿಸುವುದಿಲ್ಲ.

ಈ ಕೊರತೆಗೆ ಚಾರಿತ್ರಿಕ ಹಿನ್ನೆಲೆಯುಂಟು. ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಮುಂತಾದ ಹಳೆಯ ಪದಗಳು ಯೋಧನ ಸ್ವಾಮಿನಿಷ್ಠೆಯನ್ನು ಹೇಳುತ್ತವೆ. ಉಂಡ ಅನ್ನದ ಋಣ ತೀರುತ್ತಿದ್ದುದು ಪ್ರಾಣದಿಂದ. ಇಮ್ಮಡಿ ವೀರಬಲ್ಲಾಳನ ಮರಣದೊಡನೆ ದಂಡನಾಯಕ ಕುವರಲಕ್ಷ್ಮನು ಸಂಗಡಿಗರೊಂದಿಗೆ ಪ್ರಾಣಾರ್ಪಣೆ ಮಾಡಿದುದನ್ನು ಹಳೇಬೀಡಿನ ಶಾಸನ ಸಾರುತ್ತದೆ. ಅಂತಹ ನಿಷ್ಠೆಗೆ ಅವಧಿಯಿರಲಿಲ್ಲ. ಆದುದರಿಂದ ಅವಧಿ ಮುಗಿಸಿದವನಿಗೆ ಹೆಸರು ಬೇಕಾಗಲೂ ಇಲ್ಲ.

ಈಗ ಬೇಕಾಗಿದೆ. 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಸೇವಾವಧಿ 4 ವರ್ಷ. ಗರಿಷ್ಠ ಶೇ. 25ರಷ್ಟು ಮಂದಿಗೆ ಸೇನೆಯಲ್ಲಿ ಮುಂದುವರಿಯುವ ಅವಕಾಶವಿದೆ. ಉಳಿದವರಿಗೆ ಸೇವಾನಿಧಿ ದೊರೆಯುತ್ತದೆ, ಪಿಂಚಣಿಯಿಲ್ಲ. ಸೇನೆ ಅಂದು ಪ್ರಕಟಿಸಿದ ಷರತ್ತುಗಳಂತೆ ‘ಮಾಜಿ ಸೈನಿಕ’ ಎಂಬ ಸ್ಥಾನಮಾನವೂ ಇಲ್ಲ. ಹಾಗಿರುವಾಗ ಅವರನ್ನು ‘ಮಾಜಿ ಸೈನಿಕ’ರೆಂದರೆ ಇಲ್ಲದ ಸೌಲಭ್ಯವನ್ನು ಇದೆಯೆಂದು ನಂಬಿಸಿದಂತಾಗುತ್ತದೆ. ‘ಸೇನೆಯಿಂದ ಹೊರಬಂದವರು’ ಎಂದರೆ ಅನರ್ಹತೆಯ ಶಂಕೆ ಅಂಟಿಕೊಳ್ಳುತ್ತದೆ. ಇಪ್ಪತ್ತರ ಹರೆಯದಲ್ಲಿ ಮತ್ತೊಂದು ಉದ್ಯೋಗ ಅರಸುವವನಿಗೆ ಈ ಶಂಕೆ ಸಣ್ಣ ಹೊರೆಯಲ್ಲ.

ಇಲ್ಲಿ ಜೈನಾಚಾರದ ಪರಿಭಾಷೆಯೊಂದು ದಾರಿ ತೋರಬಲ್ಲದು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಮಿತಕಾಲಕ್ಕೆ ಕೈಗೊಂಡ ತ್ಯಾಗ ‘ನಿಯಮ’, ಜೀವನಪರ್ಯಂತದ್ದು ‘ಯಮ’. ಕಾಲ ಮಿತವಾಯಿತೆಂದು ನಿಯಮವು ಭಂಗವೆನಿಸುವುದಿಲ್ಲ. ಗೊತ್ತಾದ ಕಾಲದ ವ್ರತ ಮುಗಿದಾಗ ಉದ್ಯಾಪನೆ ನಡೆಯುತ್ತದೆ. ವ್ರತಿಯನ್ನು ಯಾರೂ ‘ಮಾಜಿ ವ್ರತಿ’ ಎನ್ನುವುದಿಲ್ಲ. ಕುವರಲಕ್ಷ್ಮನ ನಿಷ್ಠೆ ಯಮದಂತಹುದಾದರೆ ಅಗ್ನಿವೀರನ ಸೇವೆ ನಿಯಮದಂತಹುದು.

ಆದುದರಿಂದ ‘ಅವಧಿ ಪೂರೈಸಿದ ಯೋಧ’ ಎಂಬ ಸರಳ ಪದಪುಂಜವೇ ಯುಕ್ತ. ಅದು ಅಗ್ನಿವೀರನಿಗೂ ಸಲ್ಲುತ್ತದೆ, ಹದಿನೇಳು ವರ್ಷ ದುಡಿದು ಬಂದ ಸಿಪಾಯಿಗೂ ಸಲ್ಲುತ್ತದೆ. ಮೊದಲ ತಂಡಗಳ ಅವಧಿ 2026ರ ಕೊನೆಯಿಂದ ಮುಗಿಯತೊಡಗುವುದರಿಂದ ಪತ್ರಿಕೆಗಳೂ ಕಚೇರಿಗಳೂ ಇದನ್ನು ಈಗಲೇ ರೂಢಿಸಿಕೊಳ್ಳಬೇಕು. ಪದವು ಪಿಂಚಣಿಯನ್ನು ತಂದುಕೊಡದು. ಪಿಂಚಣಿಯ ಪ್ರಶ್ನೆಯನ್ನು ಮರೆಸಲೂ ಕೂಡದು. ಆದರೆ ಕೊಟ್ಟ ಮಾತನ್ನು ನಡೆಸಿದವನಿಗೆ, ನಡೆಸಿದನೆಂದು ಹೇಳುವ ಹೆಸರನ್ನು ಕೊಡುವುದು ಭಾಷೆಯ ಕೈಯಲ್ಲಿದೆ.