ಪುಟ ತಿರುಗಿಸಿದರೆ ಪುಟ್ಟಿಯೇ ಬದಲಾದಳು!

ಮಗುವಿಗೆ ಹೇಳೋ ಕಥೆಗೆ ಎಐ ಕೈಲಿ ನಾಲ್ಕು ಚಿತ್ರ ಬರೆಸೋಣ ಅಂತ ಕೂತವರಿಗೆಲ್ಲ ಇದು ಗೊತ್ತಿರುತ್ತೆ. ಮೊದಲ ಚಿತ್ರದಲ್ಲಿ ಪುಟ್ಟಿ ಎಷ್ಟು ಚೆನ್ನಾಗಿದ್ದಾಳೆ! ಎರಡು ಜಡೆ, ಹಸಿರು ಲಂಗ, ಎಣ್ಣೆಗಪ್ಪು ಮೈಬಣ್ಣ, ಮುಂದಿನ ಹಲ್ಲೊಂದು ಬಿದ್ದಿದೆ. ಎರಡನೇ ಚಿತ್ರಕ್ಕೆ ಬರೋಷ್ಟರಲ್ಲಿ ಹಲ್ಲು ಹುಟ್ಟಿಬಿಟ್ಟಿದೆ. ಮೂರನೆಯದರಲ್ಲಿ ಲಂಗ ಹೋಗಿ ಫ್ರಾಕ್ ಬಂದಿದೆ. ನಾಲ್ಕನೆಯದರಲ್ಲಿ ಹುಡುಗಿ ಬೆಳ್ಳಗಾಗಿದ್ದಾಳೆ, ಎರಡು ವರ್ಷ ದೊಡ್ಡವಳೂ ಆಗಿದ್ದಾಳೆ. ದೊಡ್ಡವರು ‘ಹೋಗ್ಲಿ ಬಿಡು’ ಅಂತೀವಿ. ಮಕ್ಕಳು ಬಿಡಲ್ಲ. ‘ಇವಳ್ಯಾರು? ಪುಟ್ಟಿ ಎಲ್ಲಿ?’ ಅಂತ ಕೇಳೇ ಕೇಳ್ತಾರೆ.

ಯಾಕೆ ಹೀಗಾಗುತ್ತೆ?

ಸರಳವಾಗಿ ಹೇಳಬೇಕೆಂದರೆ, ಯಂತ್ರಕ್ಕೆ ಪುಟ್ಟಿ ಗೊತ್ತೇ ಇಲ್ಲ. ಚಿತ್ರ ಮಾಡುವ ಎಷ್ಟೋ ಎಐಗಳು ಕೆಲಸ ಶುರು ಮಾಡೋದು ಬರೀ ಚುಕ್ಕೆಗಳಿಂದ, ಸಿಗ್ನಲ್ ಇಲ್ಲದ ಹಳೇ ಟಿವಿ ಪರದೆಯ ಹಾಗೆ. ನೀವು ಕೊಟ್ಟ ಮಾತುಗಳನ್ನು ಹಿಡಿದು ಹಂತಹಂತವಾಗಿ ಆ ಚುಕ್ಕೆಗಳನ್ನು ತಿದ್ದುತ್ತಾ ಚಿತ್ರ ಮಾಡುತ್ತವೆ. ‘ಎರಡು ಜಡೆಯ ಏಳು ವರ್ಷದ ಹುಡುಗಿ’ ಅನ್ನೋ ಮಾತಿಗೆ ಲಕ್ಷಾಂತರ ಮುಖಗಳು ಹೊಂದುತ್ತವೆ. ಪ್ರತಿ ಸಲ ಅವುಗಳಲ್ಲಿ ಒಂದು ಮುಖ ಬರುತ್ತೆ, ಅಷ್ಟೇ.

ಆರಂಭದ ಆ ಚುಕ್ಕೆಗಳನ್ನು ನಿರ್ಧರಿಸುವ ಸಂಖ್ಯೆಗೆ ಸೀಡ್ ಅಂತಾರೆ. ಅದೇ ಮಾದರಿ, ಅದೇ ಸೀಡ್, ಅದೇ ಮಾತು ಕೊಟ್ಟರೆ ಸಾಮಾನ್ಯವಾಗಿ ಹೆಚ್ಚುಕಡಿಮೆ ಅದೇ ಚಿತ್ರ ಬರುತ್ತೆ. ಆದರೆ ‘ನಿಂತಿದ್ದಾಳೆ’ ಬದಲು ‘ಮರ ಹತ್ತುತ್ತಿದ್ದಾಳೆ’ ಅಂದ ತಕ್ಷಣ ಮುಖವೂ ಬದಲಾಗಬಹುದು. ಹಾಗಾಗಿ ಸೀಡ್ ಒಂದನ್ನೇ ನಂಬಿ ಕೂರೋಕಾಗಲ್ಲ.

ಹಳಬರು ಏನು ಮಾಡ್ತಿದ್ರು?

ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್.ಕೆ. ಲಕ್ಷ್ಮಣ್ ಅವರ ‘ಕಾಮನ್ ಮ್ಯಾನ್’ ನೆನಪಿಸಿಕೊಳ್ಳಿ. ಚೌಕಳಿ ಕೋಟು, ಧೋತರ, ದುಂಡು ಕನ್ನಡಕ, ಪೊದೆ ಮೀಸೆ. 1950ರ ದಶಕದಿಂದ ದಶಕಗಟ್ಟಲೆ ಆತ ಪತ್ರಿಕೆಯಲ್ಲಿ ಬಂದ. ಸಂತೆಯಲ್ಲಿರಲಿ, ಮಂತ್ರಿ ಮನೆಯಲ್ಲಿರಲಿ, ಒಂದು ಮಾತೂ ಆಡದೆ ಮೂಲೆಯಲ್ಲಿ ನಿಂತಿದ್ದರೂ ಕಣ್ಣಿಗೆ ಬೀಳುತ್ತಿದ್ದ. ಕಾರಣ ಆ ನಾಲ್ಕೈದು ಗಟ್ಟಿ ಗುರುತುಗಳು.

ಆನಿಮೇಷನ್ ಸ್ಟುಡಿಯೋಗಳಲ್ಲಿ ಒಂದೇ ಪಾತ್ರವನ್ನು ಹತ್ತಾರು ಜನ ಬರೆಯಬೇಕಿತ್ತು. ಅದಕ್ಕೇ ಅವರು ಮಾಡೆಲ್ ಶೀಟ್ ಅಂತ ಇಟ್ಟುಕೊಂಡರು. ಪಾತ್ರ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಹೇಗೆ ಕಾಣುತ್ತೆ, ನಕ್ಕರೆ ಹೇಗೆ, ಅತ್ತರೆ ಹೇಗೆ, ಎಲ್ಲ ಒಂದೇ ಹಾಳೆಯಲ್ಲಿ. ಎಐ ಅಂದರೆ ಪ್ರತಿ ಪುಟಕ್ಕೂ ಹೊಸದಾಗಿ ಬಂದು ಕೂರುವ ಕಲಾವಿದ ಅಂದುಕೊಳ್ಳಿ. ಕೈ ಚುರುಕು, ನೆನಪು ಸೊನ್ನೆ. ಅವನ ಕೈಗೂ ಆ ಹಾಳೆ ಕೊಡಬೇಕು.

ಮೊದಲು ಗುರುತಿನ ಚೀಟಿ

ಕಥೆಗೆ ಕೈ ಹಾಕುವ ಮುಂಚೆ ಪುಟ್ಟಿಯ ಐದಾರು ಗುರುತು ಬರೆದುಕೊಳ್ಳಿ. ‘ಮುದ್ದಾದ’, ‘ತುಂಟ’ ಅನ್ನೋ ಮಾತು ಬೇಡ, ಅವು ಪ್ರತಿ ಸಲ ಬೇರೆ ಮುಖ ತರುತ್ತವೆ. ಕಣ್ಣಿಗೆ ಕಾಣುವಂಥದ್ದು ಬೇಕು. ವಯಸ್ಸು, ಮುಖದ ಆಕಾರ, ಮೈಬಣ್ಣ, ಕೂದಲು, ಬಟ್ಟೆ, ಜೊತೆಗೆ ಅವಳಿಗೆ ಮಾತ್ರ ಇರುವ ಒಂದು ಗುರುತು.

‘ಲಂಗ’ ಅಂದರೆ ಒಂದೊಂದು ಸಲ ಒಂದೊಂದು ಬರುತ್ತೆ. ‘ಪಾದದವರೆಗೆ ಬರುವ ನೆರಿಗೆಯ ಹಸಿರು ಲಂಗ, ಮೋಟು ತೋಳಿನ ಹಳದಿ ರವಿಕೆ’ ಅಂತ ಬಿಡಿಸಿ ಬರೆಯಿರಿ. ಸಣ್ಣ ಹೂವಿನ ಪ್ರಿಂಟು, ಜರಿಯ ಕುಸುರಿ ಬೇಡ. ಅವು ಎರಡು ಚಿತ್ರದಲ್ಲಿ ಒಂದೇ ಥರ ಬರೋದು ಕಷ್ಟ. ಅಜ್ಜಿಗೂ ‘ಅಗಲ ಕೆಂಪು ಅಂಚಿನ ಹಳದಿ ಸೀರೆ’ ಸಾಕು.

ಈ ಸಾಲುಗಳನ್ನು ಫೋನಿನ ನೋಟ್ಸ್‌ನಲ್ಲಿಟ್ಟು, ಪ್ರತಿ ಸಲ ಅಕ್ಷರ ಬದಲಿಸದೆ ಪೇಸ್ಟ್ ಮಾಡಿ. ಒಮ್ಮೆ ‘ಹಸಿರು’, ಇನ್ನೊಮ್ಮೆ ‘ಗಿಳಿಬಣ್ಣ’ ಅನ್ನೋದು ಕವಿತೆಗೆ ಚೆಂದ, ಇಲ್ಲಿ ಬೇಡ.

ಆಮೇಲೆ ಮೂಲ ಚಿತ್ರ

ಆ ಚೀಟಿ ಕೊಟ್ಟು ಮೊದಲು ಪುಟ್ಟಿಯ ಚಿತ್ರವೊಂದನ್ನೇ ಮಾಡಿಸಿ. ಬಿಳಿ ಹಿನ್ನೆಲೆ, ಸಮನಾದ ಬೆಳಕು, ತಲೆಯಿಂದ ಕಾಲಿನವರೆಗೆ, ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ. ಮನಸ್ಸಿಗೆ ಒಪ್ಪುವವರೆಗೆ ಇಲ್ಲೇ ಸಮಯ ಕಳೆಯಿರಿ, ನಷ್ಟವಿಲ್ಲ.

ಮುಂದಿನ ಪ್ರತಿ ದೃಶ್ಯಕ್ಕೂ ಈ ಚಿತ್ರವನ್ನು ಜೊತೆಗೆ ಕೊಡಿ. ಮಿಡ್‌ಜರ್ನಿ 2024ರಲ್ಲಿ ಇದಕ್ಕೆಂದೇ ಪಾತ್ರದ ಚಿತ್ರ ಕೊಡುವ ಸೌಲಭ್ಯ ತಂತು. ಚಾಟ್‌ಜಿಪಿಟಿ, ಜೆಮಿನಿಗಳಲ್ಲಿ ಮಾತಿನ ಜೊತೆ ಚಿತ್ರವನ್ನೂ ಹಾಕಿ ‘ಇದೇ ಹುಡುಗಿ, ಈಗ ಬಾವಿಕಟ್ಟೆ ಮೇಲೆ ಕೂತಿದ್ದಾಳೆ’ ಅಂತ ಕೇಳಬಹುದು.

ಇಲ್ಲೊಂದು ಎಚ್ಚರ. ಕೊಡಬೇಕಾದದ್ದು ಆ ಮೂಲ ಚಿತ್ರವನ್ನೇ, ಆಗಷ್ಟೇ ಬಂದ ಚಿತ್ರವನ್ನಲ್ಲ. ಜೆರಾಕ್ಸ್‌ನ ಜೆರಾಕ್ಸ್ ತೆಗೆದ ಹಾಗೆ, ಸಣ್ಣ ತಪ್ಪು ಮುಂದಿನದಕ್ಕೆ ದಾಟಿ ದೊಡ್ಡದಾಗುತ್ತೆ. ಹಾಗೇ ಒಂದು ಸಲಕ್ಕೆ ಒಂದೇ ಬದಲಾವಣೆ ಕೇಳಿ. ಜಾಗ, ಭಂಗಿ, ಬೆಳಕು ಮೂರನ್ನೂ ಒಟ್ಟಿಗೆ ಬದಲಿಸಿದರೆ ಮುಖ ಕೈತಪ್ಪುತ್ತೆ. ಇಬ್ಬರು ಒಂದೇ ಚಿತ್ರದಲ್ಲಿದ್ದರೆ ಅಜ್ಜಿಯ ಕನ್ನಡಕ ಪುಟ್ಟಿಯ ಮೂಗಿಗೆ ಏರೋದೂ ಉಂಟು. ಇಬ್ಬರಿಗೂ ಬೇರೆ ಬೇರೆ ಮೂಲ ಚಿತ್ರ ಇಟ್ಟು, ಬಟ್ಟೆಯ ಬಣ್ಣ ದೂರದೂರ ಇರಲಿ.

ಇಡೀ ಪುಸ್ತಕವೇ ಮಾಡುವವರಿಗೆ ಇನ್ನೊಂದು ದಾರಿಯಿದೆ. 2022ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ಡ್ರೀಮ್‌ಬೂತ್ ವಿಧಾನದಲ್ಲಿ ಮೂರರಿಂದ ಐದು ಚಿತ್ರ ತೋರಿಸಿ ಯಂತ್ರಕ್ಕೆ ಒಂದು ಪಾತ್ರವನ್ನು ಕಲಿಸಬಹುದು. ಕಡಿಮೆ ಖರ್ಚಿನಲ್ಲಿ ಅಂಥ ಕಲಿಕೆಗೆ ಲೋರಾ ಬಳಸುತ್ತಾರೆ. ಎಂಟು ಪುಟದ ಕಥೆಗೆ ಇಷ್ಟೆಲ್ಲ ಬೇಕಿಲ್ಲ.

ಮೊದಲು ಅಳಿಸಿಹೋಗೋದು ಯಾವುದು?

ಇದನ್ನು ಮಾತ್ರ ಗಮನವಿಟ್ಟು ನೋಡಿ. ಯಂತ್ರ ಮರೆಯೋದು ಸುಮ್ಮನೆ ಯಾವುದನ್ನೋ ಅಲ್ಲ. ಹೆಚ್ಚಾಗಿ ಹೋಗೋದು ಬಿದ್ದ ಹಲ್ಲು, ಕಪ್ಪು ಮೈಬಣ್ಣ, ಅಜ್ಜಿಯ ಸುಕ್ಕು, ದಪ್ಪ ಮೂಗು. ತಾನು ಕಲಿಯುವಾಗ ಯಾವ ಥರದ ಮುಖ ಹೆಚ್ಚು ನೋಡಿದೆಯೋ ಅತ್ತ ಕಡೆಗೇ ಅದು ಜಾರುತ್ತೆ. ಕೈಬಿಟ್ಟರೆ ಎಲ್ಲರೂ ಜಾಹೀರಾತಿನ ಮುಖದವರೇ.

ಮೊದಲ ಪುಟದಲ್ಲಿ ತನ್ನ ಬಣ್ಣದ ಹುಡುಗಿಯನ್ನು ಕಂಡು ಖುಷಿಪಟ್ಟ ಮಗು, ಐದನೇ ಪುಟದಲ್ಲಿ ಅವಳು ಬೆಳ್ಳಗಾಗಿದ್ದನ್ನು ನೋಡಿದರೆ ಏನು ಅಂದುಕೊಳ್ಳುತ್ತೆ? ಕಥೆಯಲ್ಲಿ ಯಾರೂ ಹೇಳದ ಮಾತೊಂದು ಅದರ ಮನಸ್ಸಿಗೆ ಇಳಿದಿರುತ್ತೆ. ಹಾಗಾಗಿ ಪ್ರತಿ ಚಿತ್ರವನ್ನೂ ಮೂಲ ಚಿತ್ರದ ಪಕ್ಕ ಇಟ್ಟು ನೋಡಿ. ಮೊದಲು ಮೈಬಣ್ಣ, ಆಮೇಲೆ ಹಲ್ಲು, ಆಮೇಲೆ ವಯಸ್ಸು. ಆಕಾಶದ ಬಣ್ಣ, ಹಿಂದಿನ ಗಿಡ ಬದಲಾದರೆ ಬದಲಾಗಲಿ. ಈ ಮೂರರಲ್ಲಿ ರಾಜಿ ಬೇಡ.

ಇನ್ನೊಂದು ಮಾತು. ಮುಖ ಒಂದೇ ಥರ ಬರಲಿ ಅಂತ ನಿಮ್ಮ ಮಗುವಿನ ಫೋಟೋವನ್ನೇ ಹಾಕಬೇಕಾಗಿಲ್ಲ. ಬರೆಸಿದ ಪಾತ್ರಕ್ಕೇ ಇದೆಲ್ಲ ಆಗುತ್ತೆ, ಮಗುವಿನ ಮುಖ ಮನೆಯಲ್ಲೇ ಉಳಿಯುತ್ತೆ.

ಎಷ್ಟು ಹೆಣಗಾಡಿದರೂ ಒಂದು ಪುಟ ಸರಿಹೋಗದಿದ್ದರೆ ಮುಖ ತೋರಿಸಲೇಬೇಡಿ. ಕೆರೆ ಏರಿ ಮೇಲೆ ಓಡುವ ಹುಡುಗಿಯ ಬೆನ್ನು, ಗಾಳಿಗೆ ಹಾರುವ ಎರಡು ಜಡೆ, ಹಸಿರು ಲಂಗ ಸಾಕು. ಗುರುತು ಗಟ್ಟಿಯಾಗಿದ್ದರೆ ಮಕ್ಕಳು ಬೆನ್ನು ನೋಡಿಯೇ ಹೆಸರು ಹೇಳ್ತಾರೆ.