ಕಂಡದ್ದೆಷ್ಟು, ತಿಳಿದದ್ದೆಷ್ಟು

1897ರಲ್ಲಿ ಬರ್ಲಿನ್ನಿನ ವಾಲ್ಟರ್ ಕಾಫ್ಮನ್ ಮತ್ತು ಕೇಂಬ್ರಿಜ್‌ನ ಜೆ.ಜೆ. ಥಾಮ್ಸನ್ ಹೆಚ್ಚುಕಡಿಮೆ ಒಂದೇ ಪ್ರಯೋಗ ನಡೆಸುತ್ತಿದ್ದರು. ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಹಾಯುವ ಕ್ಯಾಥೋಡ್ ಕಿರಣವನ್ನು ಕಾಂತದಿಂದ ಬಾಗಿಸುವುದು, ಬಾಗಿದ್ದೆಷ್ಟು ಎಂದು ಅಳೆಯುವುದು, ಅದರಿಂದ ವಿದ್ಯುದಾವೇಶಕ್ಕೂ ದ್ರವ್ಯರಾಶಿಗೂ ಇರುವ ಅನುಪಾತ ತೆಗೆಯುವುದು. ಇವತ್ತು ನಾವು ಒಪ್ಪಿರುವ ಬೆಲೆಗೆ ಥಾಮ್ಸನ್ನನ ಅಂಕಿಗಿಂತ ಕಾಫ್ಮನ್ನನದೇ ಹತ್ತಿರವಿತ್ತು. ಆದರೂ ಎಲೆಕ್ಟ್ರಾನ್ ಕಂಡುಹಿಡಿದವನೆಂದು ಮಕ್ಕಳು ಬಾಯಿಪಾಠ ಮಾಡುವುದು ಥಾಮ್ಸನ್ ಹೆಸರನ್ನು. ಇದರಲ್ಲಿ ಅನ್ಯಾಯವೇನೂ ಇಲ್ಲ. ಪರಮಾಣುವಿಗಿಂತ ಎಷ್ಟೋ ಚಿಕ್ಕ ಕಣವೊಂದಿದೆ ಎಂದು ಥಾಮ್ಸನ್ ಹೇಳಿಯೇಬಿಟ್ಟ. ಕಾಫ್ಮನ್ ಆ ಹೆಜ್ಜೆ ಇಡಲಿಲ್ಲ.

ಯಾಕೆ ಇಡಲಿಲ್ಲ? ಭೌತವಿಜ್ಞಾನಿ ಸ್ಟೀವನ್ ವೈನ್‌ಬರ್ಗ್ ಕೊಡುವ ಉತ್ತರ ತತ್ತ್ವಶಾಸ್ತ್ರದ್ದು. ಆ ಕಾಲದ ಜರ್ಮನ್ ಭಾಷಾ ಪ್ರದೇಶದಲ್ಲಿ ಅರ್ನ್ಸ್ಟ್ ಮಾಖ್‌ನ ಮಾತಿಗೆ ದೊಡ್ಡ ತೂಕವಿತ್ತು. ಇಂದ್ರಿಯಗಳಿಗೆ ಸಿಕ್ಕಿದ್ದನ್ನು ಅಚ್ಚುಕಟ್ಟಾಗಿ, ಮಿತವ್ಯಯದಲ್ಲಿ ಜೋಡಿಸಿಡುವುದೇ ವಿಜ್ಞಾನದ ಕೆಲಸ, ಕಾಣದ ಪರಮಾಣುಗಳನ್ನು ನಿಜವೆಂದು ನಂಬುವುದು ಅದರ ಕೆಲಸವಲ್ಲ ಎಂಬುದು ಅವನ ನಿಲುವು. ನಮ್ಮ ಮಾತಿನಲ್ಲಿ ಹೇಳುವುದಾದರೆ ಪ್ರತ್ಯಕ್ಷಕ್ಕೆ ಪೂರ್ತಿ ಮಣೆ, ಅನುಮಾನಕ್ಕೆ ಹೊಸಿಲಾಚೆ ಜಾಗ. ಪ್ರತ್ಯಕ್ಷವನ್ನಷ್ಟೇ ನಂಬುವ ಚಾರ್ವಾಕರಿಗೂ ಅನುಮಾನವನ್ನೂ ಒಪ್ಪುವ ನೈಯಾಯಿಕರಿಗೂ ನಡೆದ ಜಗಳ ಇದಕ್ಕಿಂತ ತೀರಾ ದೂರದ್ದಲ್ಲ.

‘ನಮಗೆ ತತ್ತ್ವಶಾಸ್ತ್ರ ಬೇಡ, ಅಳತೆ ಸಾಕು’ ಎನ್ನುವ ವಿಜ್ಞಾನಿಗಳಿಗೆ ಇಂದಿಗೂ ಬರವಿಲ್ಲ. ಆದರೆ ಅಳತೆ ಯಾವಾಗ ಶೋಧವಾಗುತ್ತದೆ ಎಂಬುದನ್ನು ಅಳತೆಯೇ ಹೇಳುವುದಿಲ್ಲ. ಯಾವುದನ್ನು ತಿಳಿವಳಿಕೆ ಎನ್ನಬೇಕು ಎಂಬ ತೀರ್ಮಾನ ಉಪಕರಣ ಜೋಡಿಸುವ ಮೊದಲೇ ಆಗಿರುತ್ತದೆ. ತತ್ತ್ವಶಾಸ್ತ್ರ ಬೇಡ ಎನ್ನುವವರು ಸಾಮಾನ್ಯವಾಗಿ ಹಿಂದಿನ ತಲೆಮಾರಿನ ತತ್ತ್ವಶಾಸ್ತ್ರವನ್ನು ಅರಿವಿಲ್ಲದೆ ಹೊತ್ತಿರುತ್ತಾರೆ.

ಹಾಗೆಂದು ಮಾಖ್‌ನನ್ನು ಖಳನಾಯಕನನ್ನಾಗಿ ಮಾಡಿ ಕೈತೊಳೆದುಕೊಳ್ಳುವಂತಿಲ್ಲ. ನ್ಯೂಟನ್ನನ ನಿರಪೇಕ್ಷ ದೇಶ, ನಿರಪೇಕ್ಷ ಕಾಲಗಳನ್ನು ಯಾರು ಅಳೆದಿದ್ದಾರೆ ಎಂದು ಅವನು 1883ರಲ್ಲಿ ಬರೆದ ಪುಸ್ತಕದಲ್ಲಿ ಗದರಿಸಿದ್ದ. ಅದನ್ನು ಓದಿದ್ದ ಐನ್‌ಸ್ಟೈನ್ 1905ರಲ್ಲಿ, ದೂರದೂರದ ಎರಡು ಘಟನೆಗಳು ಏಕಕಾಲಕ್ಕೆ ನಡೆದವು ಎನ್ನಲು ಏನನ್ನು ಅಳೆಯಬೇಕು ಎಂದು ಕೇಳಿದ. ಸಾಪೇಕ್ಷತೆ ಅಲ್ಲಿಂದ ಹೊರಟಿತು. ಒಂದು ಬಾಗಿಲನ್ನು ಮುಚ್ಚಿದ ನಿಲುವೇ ಇನ್ನೊಂದನ್ನು ತೆರೆಯಿತು. ತಮಾಷೆಯೆಂದರೆ, ಅದೇ ವರ್ಷ ಅದೇ ಐನ್‌ಸ್ಟೈನ್ ಮಾಖ್ ಒಪ್ಪದ ಅಣುಗಳ ಪರವಾಗಿಯೂ ಲೆಕ್ಕ ಹಾಕಿದ. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳು ಸದಾ ತತ್ತರಿಸುವುದನ್ನು ರಾಬರ್ಟ್ ಬ್ರೌನ್ 1827ರಲ್ಲೇ ಗಮನಿಸಿದ್ದ. ನೀರಿನ ಅಣುಗಳು ಬಡಿಯುವುದೇ ಅದಕ್ಕೆ ಕಾರಣವಾದರೆ ಕಣ ಎಷ್ಟು ಹೊತ್ತಿನಲ್ಲಿ ಎಷ್ಟು ದೂರ ಸರಿದಿರಬೇಕು ಎಂಬುದು ಆ ಲೆಕ್ಕ.

ಅಣುವಿನ ವ್ಯಾಜ್ಯವನ್ನು ಪ್ರಯೋಗದಲ್ಲಿ ಇತ್ಯರ್ಥಕ್ಕೆ ತಂದವನು ಪ್ಯಾರಿಸ್ಸಿನ ಜಾನ್ ಪೆರಾನ್. ಅವನು ಆರಿಸಿಕೊಂಡದ್ದು ಗ್ಯಾಂಬೋಜ್. ಚಿತ್ರಕಾರರ ಹಳದಿ ಬಣ್ಣಕ್ಕೆ ಬರುತ್ತಿದ್ದ ಅಂಟು, ನಮ್ಮ ಮುರುಗಲು, ಉಪ್ಪಾಗೆಗಳ ಕುಲದ್ದೇ ಮರದಿಂದ ಇಳಿಯುವುದು. ಒಂದು ಕಿಲೋ ಗ್ಯಾಂಬೋಜನ್ನು ಸೆಂಟ್ರಿಫ್ಯೂಜ್‌ನಲ್ಲಿ ಮತ್ತೆ ಮತ್ತೆ ತಿರುಗಿಸಿ, ತಿಂಗಳುಗಟ್ಟಲೆ ಬಸಿದು, ಒಂದೇ ಗಾತ್ರದ ಕಾಳುಗಳನ್ನು ಬೇರ್ಪಡಿಸಿದಾಗ ಸಿಕ್ಕಿದ್ದು ಒಂದು ಗ್ರಾಮಿಗೂ ಕಡಿಮೆ. ಅವನ್ನು ನೀರಿನ ತೊಟ್ಟಿನಲ್ಲಿ ತೇಲಿಬಿಟ್ಟು, ಸೂಕ್ಷ್ಮದರ್ಶಕದಡಿ ಒಂದೊಂದು ಎತ್ತರದಲ್ಲಿ ಎಷ್ಟು ಕಾಳುಗಳಿವೆ ಎಂದು ಎಣಿಸಿದ. ಗಾಳಿಯಲ್ಲಿ ಐದಾರು ಕಿಲೋಮೀಟರ್ ಮೇಲೇರಿದರೆ ಸಾಂದ್ರತೆ ಅರ್ಧಕ್ಕಿಳಿಯುತ್ತದೆ. ಇಲ್ಲಿ ಮಿಲಿಮೀಟರಿನ ನೂರರಲ್ಲಿ ಮೂರು ಪಾಲು ಏರಿದರೆ ಸಾಕು, ಕಾಳುಗಳ ಸಂಖ್ಯೆ ಅರ್ಧವಾಗುತ್ತಿತ್ತು. ಕಾಳಿನ ತೂಕ ಗೊತ್ತಿದ್ದರೆ ಈ ಹೋಲಿಕೆಯಿಂದ ಅಣುವಿನ ತೂಕ ಬರುತ್ತದೆ, ಅದರಿಂದ ಒಂದು ಮೋಲ್ ವಸ್ತುವಿನಲ್ಲಿ ಎಷ್ಟು ಅಣುಗಳಿವೆ ಎಂದು ಹೇಳುವ ಅವೊಗಾಡ್ರೋ ಸಂಖ್ಯೆ.

ಅಷ್ಟರಿಂದಲೇ ಯಾರೂ ಮಣಿಯುತ್ತಿರಲಿಲ್ಲ. ಕಾಳುಗಳ ತತ್ತರಿಕೆ, ಅನಿಲಗಳ ಸ್ನಿಗ್ಧತೆ, ಆಕಾಶದ ನೀಲಿ, ವಿಕಿರಣಶೀಲತೆ ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಹತ್ತಾರು ದಾರಿಗಳಿಂದ ಹೋದರೂ ಆ ಸಂಖ್ಯೆ ಬಂದು ನಿಲ್ಲುವುದು ಹೆಚ್ಚುಕಡಿಮೆ ಒಂದೇ ಕಡೆ ಎಂದು ಪೆರಾನ್ 1913ರ ತನ್ನ ಪುಸ್ತಕದಲ್ಲಿ ತೋರಿಸಿದ. ಅಣುವಾದಕ್ಕೆ ಅಡ್ಡ ನಿಂತಿದ್ದ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ 1909ರ ಹೊತ್ತಿಗೇ ಸೋಲೊಪ್ಪಿಕೊಂಡಿದ್ದ. ಗಮನಿಸಿ, ಆಗಲೂ ಯಾರೂ ಅಣುವನ್ನು ಕಣ್ಣಾರೆ ಕಂಡಿರಲಿಲ್ಲ. ‘ಕಂಡರೆ ಮಾತ್ರ ನಂಬುತ್ತೇನೆ’ ಎಂಬ ನಿಯಮ ಸಡಿಲವಾಗಿ, ‘ಬೇರೆ ಬೇರೆ ಸಾಕ್ಷಿಗಳು ಮಾತಾಡಿಕೊಳ್ಳದೆಯೇ ಒಂದೇ ಮಾತು ಹೇಳಿದರೆ ನಂಬುತ್ತೇನೆ’ ಎಂಬ ನಿಯಮ ಬಂತು. ಬದಲಾದದ್ದು ಭೌತಶಾಸ್ತ್ರ ಮಾತ್ರವಲ್ಲ, ಪ್ರಮಾಣಶಾಸ್ತ್ರವೂ. (ಕಣಾದ ಅಂದೇ ಪರಮಾಣು ಹೇಳಿದ್ದ ಎಂದು ಬೀಗುವವರು ಇಲ್ಲಿ ತುಸು ತಡೆಯಬೇಕು. ಅವನ ದಾರಿಯ ವೈಶೇಷಿಕರು ಅನುಮಾನದಿಂದ ಅಲ್ಲಿಗೆ ಮುಟ್ಟಿದ್ದು ನಿಜ. ಎಣಿಸಿ ತಾಳೆ ನೋಡುವ ದಾರಿ ಅವರಿಗಿರಲಿಲ್ಲ.)

ಈ ಹೊಸ ನಿಯಮದ ಬಲ, ಬಿಗಿ ಎರಡೂ ಕೋಲಾರ ಚಿನ್ನದ ಗಣಿಯಲ್ಲಿ ಪರೀಕ್ಷೆಗೆ ಬಂದವು. ನ್ಯೂಟ್ರಿನೋ ಎಂಬ ಕಣವನ್ನು 1930ರಲ್ಲಿ ಊಹಿಸಿದ ಪೌಲಿಗೇ ಅದು ಸಿಕ್ಕೀತೆಂಬ ಭರವಸೆ ಇರಲಿಲ್ಲ. ಮಾಖ್‌ನ ಕಟ್ಟುನಿಟ್ಟಿನಲ್ಲಿ ಅದನ್ನು ಹುಡುಕಲು ಯಾರೂ ಹೊರಡುತ್ತಲೇ ಇರಲಿಲ್ಲ. 1965ರಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದ ಸುರಂಗದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಒಸಾಕಾ, ಡರ್ಹಮ್‌ನವರ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಜಾಡನ್ನು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ಮತ್ತೊಂದು ತಂಡಕ್ಕೂ ಅದೇ ಸಿಕ್ಕಿತು. 1980ರ ದಶಕದಲ್ಲಿ ಕೋಲಾರದ ತಂಡ ಪ್ರೋಟಾನ್ ಒಡೆಯುವುದನ್ನು ಹುಡುಕಿ, ಹಾಗೆ ಕಾಣುವ ಕೆಲವು ಜಾಡುಗಳನ್ನು ಪ್ರಕಟಿಸಿತು. ಜಾಡುಗಳೇನೋ ಇದ್ದವು. ಆದರೆ ಅಮೆರಿಕ ಮತ್ತು ಜಪಾನಿನ ಇನ್ನೂ ದೊಡ್ಡ ಉಪಕರಣಗಳಲ್ಲಿ ಆ ಪ್ರಮಾಣದಲ್ಲಿ ಏನೂ ಕಾಣದ್ದರಿಂದ ಆ ಹೇಳಿಕೆ ನಿಲ್ಲಲಿಲ್ಲ. ಪ್ರೋಟಾನ್ ಒಡೆಯಬೇಕು ಎನ್ನುವ ಸಿದ್ಧಾಂತಗಳನ್ನು ಮಾತ್ರ ಯಾರೂ ಇನ್ನೂ ಪೂರ್ತಿ ಕೈಬಿಟ್ಟಿಲ್ಲ. ಹುಡುಕಾಟ ಜಪಾನಿನಲ್ಲಿ ಇಂದಿಗೂ ನಡೆದಿದೆ.