ಫಿಲ್ಟರ್ ಕಾಫಿಗೂ ಒಂದು ಅಳತೆ ಬೇಕು

ಸಿಂಗಪುರಕ್ಕೆ ಹೋದವರಲ್ಲಿ ಅನೇಕರು ರಾಫಲ್ಸ್ ಹೋಟೆಲಿನ ಲಾಂಗ್ ಬಾರ್ ಹುಡುಕಿಕೊಂಡು ಹೋಗುತ್ತಾರೆ. ಆ ಹೋಟೆಲಿನ ನಿಯಾಮ್ ಟಾಂಗ್ ಬೂನ್ ಬೆರೆಸಿಕೊಟ್ಟ ‘ಸಿಂಗಪುರ ಸ್ಲಿಂಗ್’ ಕಾಕ್‌ಟೇಲನ್ನು ಅದು ಹುಟ್ಟಿದ ಜಾಗದಲ್ಲೇ ಕುಡಿಯುವ ಆಸೆ. ನೆಗ್ರೋನಿ ಪ್ರಿಯರಿಗೆ ಅಷ್ಟು ಅಲೆದಾಟವೂ ಬೇಕಿಲ್ಲ. ಜಿನ್, ಕಂಪಾರಿ, ಸಿಹಿ ವರ್ಮೂತ್ ತಲಾ 30 ಮಿ.ಲೀ. ಎಂದು ಬಾರ್‌ಟೆಂಡರುಗಳ ಅಂತರರಾಷ್ಟ್ರೀಯ ಸಂಘ ಬರೆದಿಟ್ಟಿದೆ. ಬೆರೆಸಿದ ಕೈ ತಪ್ಪಿದರೆ ಕುಡಿಯುವವನೇ ಹೇಳಬಲ್ಲ.

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಕಡೆಯಿಂದ ಹೊರದೇಶಕ್ಕೆ ಹೋದವರು ಹುಡುಕುವ ಪಾನೀಯ ಬೇರೆ. ಹೊಳೆನರಸೀಪುರಕ್ಕೆ ಬರುವ ಹೇಮಾವತಿ ಅದಕ್ಕೂ ಮೊದಲು ಸಕಲೇಶಪುರದ ಕಾಫಿ ಸೀಮೆ ದಾಟಿರುತ್ತಾಳೆ. ಹೊಳೆಯ ಆ ದಿಕ್ಕಿನ ತೋಟಗಳ ಬೀಜ, ಹಾಸನದಲ್ಲಿ ಹುರಿದು ಪುಡಿಮಾಡಿದ್ದು, ಈ ಕಡೆಯ ಮನೆಗಳ ಬೆಳಗಿನ ಲೋಟ ಸೇರುತ್ತದೆ.

ವಿದೇಶದ ಮೆನುವಿನಲ್ಲಿ ‘ಫಿಲ್ಟರ್ ಕಾಫಿ’ ಅಂತ ಇರುತ್ತದೆ. ಮೇಜಿಗೆ ಬರುವುದು ಎಷ್ಟೋ ಕಡೆ ಬಿಸಿ ಹಾಲಿಗೆ ಕದಡಿದ ಇನ್‌ಸ್ಟಂಟ್ ಪುಡಿ, ಲೋಟ-ಬಟ್ಟಲು ಮಾತ್ರ ಊರಿನದು. 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಂಟಿಆರ್‌ನಂಥ ಹೋಟೆಲು ಸಿಂಗಪುರದಲ್ಲೂ ಇರುವುದು ಅಲ್ಲಿನ ಕನ್ನಡಿಗರ ಪುಣ್ಯ. ಉಳಿದ ಊರುಗಳಲ್ಲಿ ಅದೃಷ್ಟವನ್ನೇ ನಂಬಬೇಕು.

ನೋವಿನ ಸಂಗತಿಯೆಂದರೆ, ಬೀಜಕ್ಕೆ ಈ ಗತಿ ಬಂದಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ ಬೆಳೆ. ಭಾರತದ ಕಾಫಿಗೆ ಬಹುದೊಡ್ಡ ಗಿರಾಕಿ ಇಟಲಿ. ಎಸ್ಪ್ರೆಸೊ ಮೇಲಿನ ದಪ್ಪ ನೊರೆಗೆ ಅವರಿಗೆ ನಮ್ಮ ರೊಬಸ್ಟಾ ಬೇಕು. ಆ ಎಸ್ಪ್ರೆಸೊಗೆ ಅಲ್ಲಿನ ರಾಷ್ಟ್ರೀಯ ಸಂಸ್ಥೆಯೊಂದು ಅಳತೆ ಕಟ್ಟಿದೆ: 7 ಗ್ರಾಂ ಪುಡಿ, 25 ಸೆಕೆಂಡು, ಬಟ್ಟಲಿಗೆ 25 ಮಿ.ಲೀ.; ಒಂಚೂರು ಹೆಚ್ಚುಕಡಿಮೆಗೂ ಮಿತಿಯಿದೆ. ನಮ್ಮ ತೋಟದ ಬೀಜ ಪರದೇಶದಲ್ಲಿ ಗೌರವದಿಂದ ಇಳಿಯುತ್ತದೆ, ನಮ್ಮ ಡಿಕಾಕ್ಷನ್‌ಗೆ ಹೇಳುವವರು ಕೇಳುವವರು ಇಲ್ಲ.

ಪ್ರತಿ ಮನೆಗೂ ತನ್ನದೇ ಹದವಿದೆ, ಅಳತೆಪಟ್ಟಿ ಯಾಕೆ ಎನ್ನುವವರಿದ್ದಾರೆ. ಮನೆಯ ಹದ ಮನೆಯಲ್ಲಿ ಇರಲಿ. ನೇಪಲ್ಸಿನವರು ಇವತ್ತಿಗೂ ಮಿಲಾನಿನವರಿಗಿಂತ ಕಪ್ಪಗೆ ಹುರಿದ ಬೀಜವನ್ನೇ ಕುಡಿಯುತ್ತಾರೆ. ಅಳತೆ ಬಂತೆಂದು ರುಚಿ ಬದಲಾಗಲಿಲ್ಲ. ಹಣ ತೆಗೆದುಕೊಂಡು ಕೊಡುವ ಲೋಟಕ್ಕೆ ಮಾತ್ರ ಕನಿಷ್ಠ ಮರ್ಯಾದೆ ಬೇಕು: ತಾಜಾ ಪುಡಿ, ಅವಸರವಿಲ್ಲದೆ ತೊಟ್ಟಿಕ್ಕಿದ ಮೊದಲ ಡಿಕಾಕ್ಷನ್, ಆಗತಾನೆ ಉಕ್ಕಿದ ಹಾಲು. ಇಳಿಸಿದ ಡಿಕಾಕ್ಷನ್ನನ್ನು ಮತ್ತೆ ಒಲೆಗಿಟ್ಟು ಕುದಿಸಿದರೆ ಪರಿಮಳ ಹಾರಿಹೋಗಿ ಕಹಿಯಷ್ಟೇ ಉಳಿಯುತ್ತದೆ.

ಇದನ್ನು ಬರೆದಿಡಬೇಕಾದ್ದು ಬೆಂಗಳೂರಿನ ಕಾಫಿ ಮಂಡಳಿ. ಬಾಳೆಹೊನ್ನೂರಿನಲ್ಲಿ 1925ರಿಂದ ನಡೆದುಬಂದ ಸಂಶೋಧನಾ ಕೇಂದ್ರ ಅದರ ಕೈಯಲ್ಲಿದೆ. ಹುರಿಯುವುದನ್ನೂ ಕಾಸುವುದನ್ನೂ ಕಲಿಸುವ ‘ಕಾಪಿ ಶಾಸ್ತ್ರ’ ತರಬೇತಿಯೂ ಅದರದ್ದೇ. ಪುಡಿ ಎಷ್ಟು, ನೀರೆಷ್ಟು, ಎಷ್ಟು ಹೊತ್ತು ಇಳಿಯಬೇಕು ಎಂಬುದು ಒಂದು ಪುಟದಲ್ಲಿ ಮುಗಿಯುತ್ತದೆ. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದೆಂಬ ನಿಯಮ ಈಗಾಗಲೇ ಇದೆ, ಪೊಟ್ಟಣದ ಮೇಲೆ ಪ್ರಮಾಣ ಮುದ್ರಿಸಲೂಬೇಕು. ಹೋಟೆಲುಗಳ ಮೆನುವಿನಲ್ಲೂ ಆ ಅಂಕಿ ಬರಲಿ, ಹಾಸನದ ಬಸ್‌ಸ್ಟ್ಯಾಂಡಿನಿಂದಲೇ ಶುರುವಾಗಲಿ.